ಲೋಹದ ಮಾತು – 6: ಹಿತ್ತಾಳೆಗೆ ತುಕ್ಕು ಹಿಡಿಯಲ್ಲ, ನಿಜ. ಆದ್ರೆ?

"ಹಿತ್ತಾಳೆ ಹಾಕ್ಸಿ, ತುಕ್ಕು ಹಿಡಿಯಲ್ಲ" ಅಂತ ಅಂಗಡಿಯಲ್ಲಿ ಹೇಳ್ತಾರಲ್ಲ, ಮಾತು ಸುಳ್ಳಲ್ಲ. ತುಕ್ಕು ಕಬ್ಬಿಣದ ಕಾಯಿಲೆ. ಆದ್ರೆ ಸಮುದ್ರದ ನೀರಲ್ಲಿ ಹಿತ್ತಾಳೆಗೆ ಬರೋ ಕಾಯಿಲೆ ಇನ್ನೂ ಕೆಟ್ಟದ್ದು, ಯಾಕಂದ್ರೆ ಅದು ಸುಲಭಕ್ಕೆ ಕಣ್ಣಿಗೆ ಬೀಳಲ್ಲ.

ನಲ್ಲಿ, ವಾಲ್ವ್‌ಗಳ ಮಾಮೂಲಿ ಹಿತ್ತಾಳೆಯಲ್ಲಿ ಸುಮಾರು 60 ಭಾಗ ತಾಮ್ರ, 40 ಭಾಗ ಸತು. ಉಪ್ಪುನೀರಲ್ಲಿ ಸತು ಮೊದಲು ಕರಗಿ ಹೊರಟುಹೋಗುತ್ತೆ. ಉಳಿಯೋದು ತೂತುತೂತಾದ ತಾಮ್ರದ ಸ್ಪಂಜು. ಆಕಾರ ಅದೇ, ಅಳತೆ ಅದೇ, ಥ್ರೆಡ್ ಕೂಡ ಹಾಗೇ ಇರುತ್ತೆ. ಬಲ ಮಾತ್ರ ಇಲ್ಲ. ಗೆದ್ದಲು ತಿಂದ ಬಾಗಿಲ ಚೌಕಟ್ಟು ನೋಡಿದೀರಲ್ಲ? ಮೇಲೆ ಪೇಂಟ್ ನೆಟ್ಟಗಿರುತ್ತೆ, ಒತ್ತಿದ್ರೆ ಬೆರಳು ಒಳಗೆ. ಹಾಗೇ ಇದೂ. ಹೆಸರು ಡಿಝಿಂಕಿಫಿಕೇಶನ್.

ದೋಣಿಯ ಎಂಜಿನ್ ತಂಪಾಗಿಡೋಕೆ ಸಮುದ್ರದ ನೀರನ್ನೇ ಒಳಗೆ ಎಳ್ಕೊಳ್ತಾರೆ. ಅದಕ್ಕೆ ನೀರಿನ ಮಟ್ಟದ ಕೆಳಗೆ ಒಂದು ತೂತು, ಆ ತೂತಿಗೊಂದು ಫಿಟಿಂಗ್. ಒಂದಿನ ಯಾರೋ ವಾಲ್ವ್ ತಿರುಗಿಸ್ತಾರೆ, ಅದು ಮುರಿದು ಕೈಗೇ ಬರುತ್ತೆ. ಆಮೇಲೆ ನೀರು ನಿಲ್ಲಿಸೋಕೆ ಏನೂ ಇಲ್ಲ.

"ಹಳೇ ಹಡಗುಗಳ ಮೈತುಂಬ ಹಿತ್ತಾಳೆ ಇರ್ತಿತ್ತಲ್ಲ" ಅಂತ ಕೇಳಬಹುದು. ಇತ್ತು. 1832ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಜಾರ್ಜ್ ಮಂಟ್ಜ್ ಪೇಟೆಂಟ್ ಪಡೆದ ಲೋಹವೂ ಹೆಚ್ಚುಕಮ್ಮಿ ಇದೇ 60–40. ಆದ್ರೆ ಅದು ಹಡಗಿನ ಹೊರಮೈಗೆ ಹೊದಿಸೋ ತಗಡು. ನಿಧಾನಕ್ಕೆ ಕರಗಿ ಚಿಪ್ಪುಜೀವಿ ಅಂಟದಂತೆ ನೋಡ್ಕೊಳ್ಳೋದೇ ಅದರ ಕೆಲಸ. ಸವೆದರೆ ಹೊಸ ತಗಡು ಬಡಿದರಾಯ್ತು. ನೀರು ತಡೆಯೋ ವಾಲ್ವ್ ಸವೆಯೋದು ಬೇರೆ ಕಥೆ.

ನನ್ನ ಸಿಟ್ಟು ಲೋಹದ ಮೇಲಲ್ಲ, ಹೆಸರಿನ ಮೇಲೆ. ಪ್ರೊಪೆಲ್ಲರ್‌ಗೆ ಬಳಸೋ 'ಮ್ಯಾಂಗನೀಸ್ ಬ್ರಾಂಜ್' ಹೆಸರಿಗೆ ಕಂಚು, ಒಳಗೆ 40 ಭಾಗದ ಹತ್ತಿರ ಸತು! ಸಣ್ಣ ದೋಣಿ ಫಿಟಿಂಗ್‌ಗಳ 1994ರ ಐಎಸ್‌ಒ 9093 ಮಾನದಂಡದಲ್ಲಿ 'ಕೊರೋಶನ್ ತಡೆಯುತ್ತೆ' ಅಂದ್ರೆ 5 ವರ್ಷ ಕೆಡಬಾರದು ಅಂತಷ್ಟೇ ಇತ್ತು. ದೋಣಿ ಐದೇ ವರ್ಷ ಓಡುತ್ತಾ? ತವರ ಬೆರೆತ ನಿಜವಾದ ಕಂಚು ಇದೆ, ಚೂರು ಆರ್ಸೆನಿಕ್ ಸೇರಿಸಿದ ಡಿಝಡ್‌ಆರ್ ಹಿತ್ತಾಳೆ ಇದೆ. ಬೆಲೆ ಜಾಸ್ತಿ, ಒಪ್ತೀನಿ. ಆದ್ರೆ ಯಾವ ಮಿಶ್ರಲೋಹ ಅಂತ ಪ್ರತಿ ಫಿಟಿಂಗ್ ಮೇಲೂ ಅಚ್ಚು ಹಾಕಲೇಬೇಕು. ಬಿಸ್ಕತ್ ಪೊಟ್ಟಣದ ಮೇಲೆ ಒಳಗೇನಿದೆ ಅಂತ ಬರೀತಾರೆ, ಇದರ ಮೇಲೆ ಯಾಕಿಲ್ಲ?

ಕರಾವಳಿ ಕಡೆಯವರೇ, ಮನೇಲಿ ದೋಣಿ ಇದ್ರೆ ಅದನ್ನ ದಡಕ್ಕೆ ಎಳೆದಾಗ ಫಿಟಿಂಗ್‌ಗೆ ಸ್ವಲ್ಪ ಅರ ಹಾಕಿ ನೋಡಿ (ನೀರಲ್ಲಿದ್ದಾಗ ಬೇಡ ಮಾರಾಯ್ರೇ!). ಹಳದಿ ಹೊಳೆದ್ರೆ ಸರಿ. ಗುಲಾಬಿ ಕಂಡ್ರೆ ಅವತ್ತೇ ಬದಲಾಯಿಸಿ.

ಮುಂದಿನ ಭಾಗ ಸ್ಟೇನ್‌ಲೆಸ್ ಸ್ಟೀಲ್. ಅದರದ್ದೂ ಒಂದು ಗೋಳಿದೆ.