ಗುಂಡಿ ಒತ್ತಿ ಗುಂಡಿಗೆ ಬೀಳುವ ಮುನ್ನ

ಬೆಂಗಳೂರಿನಲ್ಲಿ ಗುಂಡಿಗೆ ಬೀಳದವರು ಯಾರಿದ್ದಾರೆ ಹೇಳಿ! ಆದರೆ ನಾನು ಬಿದ್ದದ್ದು ರಸ್ತೆ ಗುಂಡಿಗಲ್ಲ. ಕಂಪ್ಯೂಟರಿನ ಗುಂಡಿಗೆ. ಅದೂ ನನ್ನ ಪ್ರೆಸ್ಸಿನಲ್ಲೇ, ನನ್ನ ಕುರ್ಚಿಯಲ್ಲೇ ಕೂತು.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಕಂಪನಿಯವರು ಹೊಸ ವರ್ಷದ ಡೈರಿ ಅಚ್ಚು ಹಾಕಿಸಲು ಐದು ಪ್ರೆಸ್ಸಿನವರಿಗೆ ಒಂದೇ ಇ-ಮೇಲ್‌ನಲ್ಲಿ ಕೊಟೇಶನ್ ಕೇಳಿದ್ದರು. ಐವರ ವಿಳಾಸವೂ ಮೇಲೆ ಸಾಲಾಗಿ ಇತ್ತು. ನಾನು ಗಮನಿಸಲಿಲ್ಲ. ರಾತ್ರಿ ಕೂತು ಕಾಗದದ ದರ, ಪ್ಲೇಟಿನ ಖರ್ಚು, ಬೈಂಡಿಂಗ್ ಕೂಲಿ ಎಲ್ಲ ಲೆಕ್ಕ ಹಾಕಿದೆ. ಇದಕ್ಕಿಂತ ಕಡಿಮೆಗೆ ಯಾರೂ ಕೊಡಲಾರರು ಎಂಬ ರೇಟು ಬರೆದೆ. ಗುಂಡಿ ಒತ್ತಿದೆ. ‘ರಿಪ್ಲೈ’ ಅಂದುಕೊಂಡಿದ್ದೆ. ಒತ್ತಿದ್ದು ‘ರಿಪ್ಲೈ ಆಲ್’.

ಬೆಳಿಗ್ಗೆ ಪಕ್ಕದ ಬೀದಿಯ ಪ್ರೆಸ್ಸಿನ ಗೆಳೆಯ ಫೋನ್ ಮಾಡಿ ನಕ್ಕ. “ಏನಣ್ಣಾ, ನಿನ್ನ ರೇಟು ನಮಗೂ ಕಳಿಸಿಬಿಟ್ಟಿದ್ದೀಯ!” ಅಷ್ಟೇ. ಆರ್ಡರು ಹೋಯಿತು. ಪ್ರತಿಗೆ ಒಂದು ರೂಪಾಯಿ ಕಡಿಮೆ ಹಾಕಿದವನ ಪಾಲಾಯಿತು.

“ಕಣ್ಣು ಬಿಟ್ಟು ನೋಡಬಾರದಿತ್ತಾ?” ಎಂದಳು ನನ್ನ ಹೆಂಡತಿ. ಊರೆಲ್ಲ ಹೇಳುವುದೂ ಇದನ್ನೇ. ತಪ್ಪು ಒತ್ತಿದವನದ್ದು. ನಾನೂ ಬಹಳ ದಿನ ಹಾಗೇ ನಂಬಿ ಬೆಪ್ಪನಾಗಿದ್ದೆ. ಆದರೆ ಇಪ್ಪತ್ತು ವರ್ಷಕ್ಕೂ ಮೇಲೆ ಬಿಲ್ ಬುಕ್ಕು, ರಸೀದಿ, ಅರ್ಜಿ ಫಾರಂ ಅಚ್ಚು ಹಾಕಿದವನು ನಾನು. ನನ್ನ ಕಸುಬು ಒಂದು ಪಾಠ ಕಲಿಸಿದೆ. ಒಬ್ಬ ಫಾರಂ ತಪ್ಪು ತುಂಬಿದರೆ ಅವನು ದಡ್ಡ ಅನ್ನಿ. ನೂರು ಜನ ಒಂದೇ ಜಾಗದಲ್ಲಿ ತಪ್ಪು ತುಂಬಿದರೆ ಫಾರಂ ದಡ್ಡ!

ದೊಡ್ಡವರೂ ಬಿದ್ದಿದ್ದಾರೆ

ನಾನೊಬ್ಬನೇ ಬಿದ್ದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಇಂಥ ಯಂತ್ರಗಳನ್ನು ಮಾಡಿ ಮಾರುವ ಮೈಕ್ರೋಸಾಫ್ಟ್ ಕಂಪನಿಯೇ 1997ರ ಅಕ್ಟೋಬರ್‌ನಲ್ಲಿ ಇದೇ ಗುಂಡಿಗೆ ಬಿತ್ತು. ಸುಮಾರು 13 ಸಾವಿರ ನೌಕರರ ಹೆಸರಿದ್ದ ಒಂದು ಪಟ್ಟಿಗೆ ಯಾರೋ ಒಬ್ಬರು ಪತ್ರ ಹಾಕಿದರು. “ನನ್ನ ಹೆಸರು ಇಲ್ಲೇಕಿದೆ? ತೆಗೆಯಿರಿ” ಎಂದು ಒಬ್ಬರು ಎಲ್ಲರಿಗೂ ಉತ್ತರಿಸಿದರು. “ನನ್ನದೂ ತೆಗೆಯಿರಿ” ಎಂದು ಮತ್ತೊಬ್ಬರು ಎಲ್ಲರಿಗೂ. “ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ” ಎಂದು ಬುದ್ಧಿ ಹೇಳಿದವರೂ ಎಲ್ಲರಿಗೂ! ಸುಮಾರು ಒಂದೂವರೆ ಕೋಟಿ ಪತ್ರಗಳು ಓಡಾಡಿ ಕಂಪನಿಯ ಟಪಾಲು ವ್ಯವಸ್ಥೆಯೇ ಕುಸಿಯಿತು.

2016ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲೂ ಇದೇ ಕಥೆ. ಒಂದು ಪರೀಕ್ಷಾ ಪತ್ರ ತಪ್ಪಿ ಲಕ್ಷಾಂತರ ನೌಕರರಿಗೆ ಹೋಯಿತು. ಅವರ ‘ಎಲ್ಲರಿಗೂ’ ಉತ್ತರಗಳ ಹೊಡೆತಕ್ಕೆ ವೈದ್ಯರು, ದಾದಿಯರು ಬಳಸುವ ಇ-ಮೇಲ್ ಗಂಟೆಗಟ್ಟಲೆ ತೆವಳಿತು. ಇವರೆಲ್ಲ ಓದು ಬಾರದವರೇ? ಕಣ್ಣು ಕಾಣದವರೇ? ಎಂಜಿನಿಯರುಗಳು, ಡಾಕ್ಟರುಗಳು ಸ್ವಾಮಿ!

ಮೈಕ್ರೋಸಾಫ್ಟ್ ಕೊನೆಗೆ 2020ರ ಮೇ ತಿಂಗಳಲ್ಲಿ ಇದಕ್ಕೊಂದು ತಡೆ ತಂದಿತು. ಆಗ 5 ಸಾವಿರಕ್ಕೂ ಹೆಚ್ಚು ಜನರಿಗೆ ಒಂದು ಗಂಟೆಯೊಳಗೆ ಹತ್ತು ಬಾರಿ ‘ಎಲ್ಲರಿಗೂ ಉತ್ತರ’ ಹೋದರೆ ಯಂತ್ರವೇ ಕೆಲವು ಗಂಟೆ ಬಾಗಿಲು ಹಾಕುತ್ತಿತ್ತು. ತಾವೇ ತೋಡಿದ ಗುಂಡಿಗೆ ಬೇಲಿ ಹಾಕಲು ಅವರಿಗೆ ಹಿಡಿದದ್ದು 23 ವರ್ಷ. ನಮ್ಮ ನಗರಪಾಲಿಕೆಯೇ ವಾಸಿ ಅನ್ನಬಹುದೇನೋ! ಅದೂ ಸಾವಿರಾರು ಜನರ ಪಟ್ಟಿಗೆ ಮಾತ್ರ. ಐದು ಜನರ ಪಟ್ಟಿಯಲ್ಲಿ ಆರ್ಡರು ಕಳೆದುಕೊಂಡ ನನ್ನಂಥವನಿಗೆ ಯಾವ ಬೇಲಿಯೂ ಇಲ್ಲ.

ಮೊದಲು ಜಾಗ ಸರಿಯಿರಲಿ

ಗುಂಡಿಗೆ ಎರಡು ಧರ್ಮ. ಒಂದು, ಅದು ಇರಬೇಕಾದ ಜಾಗದಲ್ಲಿ ಇರಬೇಕು. ಎರಡು, ಅದರ ಹೆಸರು ಅದು ಮಾಡುವ ಕೆಲಸವನ್ನು ಹೇಳಬೇಕು. ಮೊದಲು ಜಾಗದ ಮಾತು.

ಮತವೂ ಒಂದು ಉತ್ತರವೇ ತಾನೇ? 2000ನೇ ಇಸವಿಯಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆ ನಡೆಯಿತು. ಫ್ಲಾರಿಡಾ ರಾಜ್ಯದ ಪಾಮ್ ಬೀಚ್ ಕೌಂಟಿಯಲ್ಲಿ, ವಯಸ್ಸಾದವರಿಗೆ ಅಕ್ಷರ ದೊಡ್ಡದಾಗಿ ಕಾಣಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಅಭ್ಯರ್ಥಿಗಳ ಹೆಸರನ್ನು ಎದುರುಬದುರಿನ ಎರಡು ಪುಟಗಳಲ್ಲಿ ಅಚ್ಚು ಹಾಕಿದರು. ತೂತು ಹೊಡೆಯುವ ಸಾಲು ಮಾತ್ರ ನಡುವೆ ಒಂದೇ. ಎಡಪುಟದಲ್ಲಿ ಎರಡನೆಯ ಹೆಸರು ಆಲ್ ಗೋರ್. ಆದರೆ ನಡುವಿನ ಎರಡನೆಯ ತೂತು ಬಲಪುಟದ ಪ್ಯಾಟ್ ಬುಕ್ಯಾನನ್‌ಗೆ ಸೇರಿದ್ದು. ಗೋರ್ ಅವರದ್ದು ಮೂರನೆಯ ತೂತು! ಬುಕ್ಯಾನನ್‌ಗೆ ಅಲ್ಲಿ 3,400ಕ್ಕೂ ಹೆಚ್ಚು ಮತ ಬಿತ್ತು. ಇಷ್ಟು ಮತ ತನಗೆ ಬರಲಾರದು ಎಂಬ ಅರ್ಥದಲ್ಲಿ ಅವರೇ ಮಾತಾಡಿದರು. ಇಡೀ ಫ್ಲಾರಿಡಾದಲ್ಲಿ ಬುಷ್ ಗೆದ್ದ ಅಂತರ ಬರೀ 537. ಅಚ್ಚಿನವನಾಗಿ ಆ ಮತಪತ್ರದ ಚಿತ್ರ ನೋಡಿದಾಗ ನನ್ನ ಎದೆ ಝಲ್ಲೆಂದಿತು. ಹೆಸರಿನಲ್ಲಿ ಒಂದಕ್ಷರದ ತಪ್ಪೂ ಇರಲಿಲ್ಲ. ತಪ್ಪಿದ್ದು ಜಾಗ ಮಾತ್ರ.

ಈಗ ನಮ್ಮ ಮತಯಂತ್ರ ನೋಡಿ. ಅದನ್ನು ತಯಾರಿಸುವ ಎರಡು ಸರ್ಕಾರಿ ಕಂಪನಿಗಳಲ್ಲಿ ಒಂದು ನಮ್ಮ ಜಾಲಹಳ್ಳಿಯ ಬಿಇಎಲ್. ಆ ಯಂತ್ರದ ಮೇಲಿನ ರಾಜಕೀಯ ವಾದ ಬೇರೆ, ಅದನ್ನು ಪಕ್ಕಕ್ಕಿಡಿ. ಗುಂಡಿ ಎಲ್ಲಿದೆ ಅಷ್ಟೇ ನೋಡಿ. ಹೆಸರು, ಚಿತ್ರ, ಚಿಹ್ನೆ, ಅದೇ ಸಾಲಿನಲ್ಲಿ ನೀಲಿ ಗುಂಡಿ. ಒತ್ತಿದರೆ ಅದರ ಪಕ್ಕದಲ್ಲೇ ಕೆಂಪು ದೀಪ. ಯಾರಿಗೆ ಒತ್ತಿದಿರಿ ಎಂಬ ಚೀಟಿ ವಿವಿಪ್ಯಾಟ್ ಗಾಜಿನೊಳಗೆ 7 ಸೆಕೆಂಡು ಕಾಣುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಒತ್ತಿ ಬರುತ್ತಾಳೆ. ಉತ್ತರದ ಗುಂಡಿ ಇರಬೇಕಾದ್ದು ಹೀಗೆ. ಯಾವುದಕ್ಕೆ ಉತ್ತರವೋ ಅದರ ಮಗ್ಗುಲಲ್ಲಿ!

ನಮ್ಮ ಫೋನುಗಳಲ್ಲಿ ಹೀಗಿದೆಯೇ? ಮೊನ್ನೆ ಮೊನ್ನೆಯ ಕಥೆ ಕೇಳಿ. ಒಂದು ಮದುವೆ ಮನೆಯವರ ವಾಟ್ಸಾಪ್ ಗುಂಪಿಗೆ ಲಗ್ನಪತ್ರಿಕೆಯ ಮೂರು ಮಾದರಿ ಕಳಿಸಿದೆ. ಹುಡುಗಿಯ ತಂದೆ “ಇದೇ ಇರಲಿ, ಹಾಕಿ” ಎಂದು ಬರೆದರು. ಯಾವ ‘ಇದೇ’? ಕೊನೆಯದು ಎಂದುಕೊಂಡು 600 ಹಾಕಿದೆ. ಅವರು ಹೇಳಿದ್ದು ಎರಡನೆಯದು. ಯಜಮಾನರು ಬೈಯಲಿಲ್ಲ, ಮುಖ ಸಣ್ಣದು ಮಾಡಿಕೊಂಡರು. ಮತ್ತೆ ಹಾಕಿಕೊಟ್ಟೆ. ನಷ್ಟ ನನ್ನದು.

ಆ ಎರಡನೆಯ ಮಾದರಿಗೇ ಅಂಟಿಸಿ ಉತ್ತರ ಕೊಡುವ ದಾರಿ ವಾಟ್ಸಾಪಿನಲ್ಲಿ ಇಲ್ಲವೇ? ಇದೆ! ಆ ಸಂದೇಶವನ್ನು ಬೆರಳಲ್ಲಿ ಬಲಕ್ಕೆ ಎಳೆಯಬೇಕು. ಹಾಗೆ ಎಳೆಯಿರಿ ಎಂದು ಅದರ ಮೇಲೆ ಎಲ್ಲಿ ಬರೆದಿದೆ? ಬಾಗಿಲಿದೆ, ಚಿಲಕ ಕಾಣುವುದಿಲ್ಲ. ಇಲ್ಲವೇ ಒತ್ತಿ ಹಿಡಿಯಬೇಕು. ಆಗ ಬಾಣಗಳು ಬರುತ್ತವೆ. ಎಡಕ್ಕೆ ಬಾಗಿದ ಬಾಣ ಉತ್ತರಕ್ಕೆ, ಬಲಕ್ಕೆ ಬಾಗಿದ ಬಾಣ ಬೇರೆಯವರಿಗೆ ದಾಟಿಸಲು. ಕನ್ನಡಿಯಲ್ಲಿ ಕಂಡ ಅವಳಿಗಳ ಹಾಗೆ! ನಿಮಗೆ ಇಪ್ಪತ್ತು ವರ್ಷ, ಬೆರಳಿಗೆ ಅಭ್ಯಾಸ. ಆ ಅರವತ್ತರ ಯಜಮಾನರಿಗೆ?

ಹಿಂದೆ ಅಂಚೆಯಲ್ಲಿ ರಿಪ್ಲೈ ಕಾರ್ಡು ಬರುತ್ತಿತ್ತು. ಎರಡು ಕಾರ್ಡು ಜೋಡಿ. ಒಂದರಲ್ಲಿ ನಮ್ಮ ಮಾತು, ಇನ್ನೊಂದರಲ್ಲಿ ನಮ್ಮದೇ ವಿಳಾಸ. ತಲುಪಿದವರು ಹರಿದು, ಬರೆದು, ಡಬ್ಬಿಗೆ ಹಾಕಿದರೆ ಮುಗಿಯಿತು. ಉತ್ತರ ಪ್ರಶ್ನೆಗೇ ಅಂಟಿಕೊಂಡಿತ್ತು, ಯಾರಿಗೆ ಹೋಗಬೇಕೋ ಅದರ ಮೇಲೇ ಬರೆದಿತ್ತು. ಕಾಗದದ ತುಂಡಿಗಿದ್ದ ಈ ಬುದ್ಧಿ ಸಾವಿರಾರು ರೂಪಾಯಿಯ ಫೋನಿಗೆ ಬೇಡವೇ?

ಇನ್ನು ಹೆಸರಿನ ಮಾತು

ಇಲ್ಲಿದೆ ನೋಡಿ ಅಸಲು ವಿಷಯ. ಇಂಗ್ಲಿಷಿನ ಎರಡು ಗುಂಡಿ ನೋಡಿ: ‘ರಿಪ್ಲೈ’, ‘ರಿಪ್ಲೈ ಆಲ್’. ಎರಡಕ್ಕೂ ತಲೆ ಒಂದೇ. ವ್ಯತ್ಯಾಸ ಇರುವುದು ಬಾಲದಲ್ಲಿ. ಅವಸರದ ಕಣ್ಣು ತಲೆ ನೋಡುತ್ತದೆ, ಬಾಲ ನೋಡುವುದಿಲ್ಲ. ಪ್ರೂಫ್ ತಿದ್ದುವ ಯಾರನ್ನಾದರೂ ಕೇಳಿ, ಪದದ ಕೊನೆಯ ತಪ್ಪು ಎಷ್ಟು ಸುಲಭವಾಗಿ ಕಣ್ಣು ತಪ್ಪಿಸುತ್ತದೆ ಎಂದು.

ಕನ್ನಡಕ್ಕೆ ಈ ರೋಗ ಇಲ್ಲ! ನಮ್ಮ ಭಾಷೆಯಲ್ಲಿ ‘ಯಾರಿಗೆ’ ಮೊದಲು ಬರುತ್ತದೆ, ‘ಏನು ಮಾಡು’ ಕೊನೆಗೆ ಬರುತ್ತದೆ. ‘ಇವರಿಗೆ ಮಾತ್ರ’, ‘ಎಲ್ಲರಿಗೂ’. ತಲೆಯೇ ಬೇರೆ, ಮೊದಲ ಅಕ್ಷರವೇ ಬೇರೆ. ನಿದ್ದೆಗಣ್ಣಿನಲ್ಲೂ ಗೊತ್ತಾಗುತ್ತದೆ. ನನ್ನ ಪರದೆಯಲ್ಲಿ ಅಂದು ಈ ಎರಡು ಗುಂಡಿ ಇದ್ದಿದ್ದರೆ ಆ ಡೈರಿಗಳು ನನ್ನ ಮಶೀನಿನಲ್ಲೇ ಅಚ್ಚಾಗುತ್ತಿದ್ದವು. ಇಂಗ್ಲಿಷ್ ಕಷ್ಟಪಡುವ ಜಾಗದಲ್ಲಿ ಕನ್ನಡ ಸಲೀಸಾಗಿ ನಡೆಯುತ್ತದೆ. ಆದರೆ ನಾವು ಮಾಡುವುದೇನು? ಇಂಗ್ಲಿಷ್ ಗುಂಡಿಯ ಪದಕ್ಕೆ ನಿಘಂಟು ತೆಗೆದು ‘ಪ್ರತ್ಯುತ್ತರ’ ಎಂದು ಹಚ್ಚುತ್ತೇವೆ. ಮನೆಯಲ್ಲಿ ಯಾರಾದರೂ “ನನ್ನ ಮೆಸೇಜಿಗೆ ಪ್ರತ್ಯುತ್ತರಿಸು” ಎನ್ನುತ್ತಾರಾ? “ಯಾಕೋ ಉತ್ತರ ಕೊಡಲಿಲ್ಲ?” ಎನ್ನುತ್ತಾರೆ.

ಅಚ್ಚಿನವನ ಲೆಕ್ಕ ಕೇಳಿ. ‘ಪ್ರತ್ಯುತ್ತರ’ದಲ್ಲಿ ಇರುವುದು ನಾಲ್ಕು ಅಕ್ಷರ, ಅದರಲ್ಲಿ ಮೂರಕ್ಕೆ ಒತ್ತು. ಒತ್ತು ಇಳಿಯಲು ಕೆಳಗೆ ಜಾಗ ಬೇಕು. ಮೊಳೆ ಜೋಡಿಸುತ್ತಿದ್ದ ಕಾಲದಿಂದಲೂ ನಮಗೆ ಗೊತ್ತು, ಕನ್ನಡದ ಸಾಲಿಗೆ ಇಂಗ್ಲಿಷ್ ಸಾಲಿಗಿಂತ ಎತ್ತರ ಹೆಚ್ಚು ಬೇಕು. ಇಂಗ್ಲಿಷ್ ಅಕ್ಷರದ ಅಳತೆಗೆ ಕೊರೆದ ಪೆಟ್ಟಿಗೆಗೆ ಕನ್ನಡ ತುರುಕಿದರೆ ಕಾಲು ಕತ್ತರಿಸುತ್ತದೆ. ಅಗಲ ಸಾಲದಿದ್ದರೆ ಮೂರು ಚುಕ್ಕಿ ಇಟ್ಟು ಅರ್ಧ ಪದ ನುಂಗುತ್ತದೆ. ಆಗ ನಮ್ಮವರೇ ಮೂಗು ಮುರಿಯುತ್ತಾರೆ: “ಫೋನಲ್ಲಿ ಕನ್ನಡ ಚೆನ್ನಾಗಿರಲ್ಲಪ್ಪ, ಇಂಗ್ಲಿಷೇ ಇರಲಿ.” ಕನ್ನಡ ಚೆನ್ನಾಗಿಲ್ಲದ್ದಲ್ಲ ಗೆಳೆಯರೇ, ಅಂಗಿ ಹೊಲಿದವನು ಅಳತೆ ತೆಗೆದುಕೊಂಡಿಲ್ಲ!

ಇನ್ನೊಂದು ಸೂಕ್ಷ್ಮ. ‘ಉತ್ತರಿಸು’ ಎಂದರೆ ಯಂತ್ರ ನನಗೆ ಏಕವಚನದಲ್ಲಿ ಹೇಳಿದಂತೆ. ‘ಉತ್ತರಿಸಿ’ ಎಂದರೆ ಮರ್ಯಾದೆ ಇದೆ, ಆದರೆ ಯಾರಿಗೆ ಎಂಬುದು ಇಲ್ಲ. ಬರೀ ‘ಉತ್ತರ’ ಎಂದರೆ ದಿಕ್ಕೂ ಆಗಬಹುದು! ಹೆಸರು ಸೇರಿಸೋಣವೆಂದರೆ ಯಂತ್ರ ‘ರಮೇಶ್ ಗೆ’ ಎಂದು ಬಾಲ ಬಿಡಿಸಿ ಇಡುತ್ತದೆ. ರಮೇಶನಿಗೆ, ಸೀತೆಗೆ, ಮಂಜುಗೆ ಎಂದು ಹೆಸರಿಗೊಂದು ರೂಪ ಅದಕ್ಕೆ ಬರುವುದಿಲ್ಲ. ಬೇಡ ಬಿಡಿ, ಹಠ ಏಕೆ? ಲಕೋಟೆಯ ಮೇಲೆ ಬರೆದಂತೆ ‘ಉತ್ತರ: ರಮೇಶ್’ ಎಂದಿಟ್ಟರೆ ವ್ಯಾಕರಣವೂ ಉಳಿಯಿತು, ಅರ್ಥವೂ ಉಳಿಯಿತು. ಹೆಸರು ಹಿಡಿಸದ ಕಡೆ ‘ಇವರಿಗೆ ಮಾತ್ರ’ ಸಾಕು.

ಕೊನೆಗೆ, ಮನುಷ್ಯ ತಪ್ಪುವವನೇ. ಹಾಗಾಗಿ ಒತ್ತಿದ ಮೇಲೂ ಒಂದು ಉಸಿರು ಬೇಕು. ಜಿಮೇಲ್‌ನಲ್ಲಿ ಕಳಿಸಿದ್ದನ್ನು ಹಿಂದೆಳೆಯಲು 5ರಿಂದ 30 ಸೆಕೆಂಡಿನವರೆಗೆ ಅವಕಾಶ ಇಟ್ಟುಕೊಳ್ಳಬಹುದು. ಹೋಗಿ ಸೆಟ್ಟಿಂಗ್ಸ್ ತೆಗೆದು 30 ಮಾಡಿಕೊಳ್ಳಿ. ವಾಟ್ಸಾಪಿನಲ್ಲಿ ‘ಎಲ್ಲರಿಗೂ ಅಳಿಸು’ ಎನ್ನುವ ಬದಲು ‘ನನಗೆ ಮಾತ್ರ ಅಳಿಸು’ ಎಂಬುದನ್ನು ಒತ್ತಿ ತಲೆ ಚಚ್ಚಿಕೊಂಡವರು ಎಷ್ಟೋ ಜನ. 2022ರ ಡಿಸೆಂಬರ್‌ನಲ್ಲಿ ಅದಕ್ಕೂ 5 ಸೆಕೆಂಡಿನ ಮಾಫಿ ಕೊಟ್ಟರು. ಒಳ್ಳೆಯದೇ. ಆದರೆ ಮಾಫಿ ಕೊಡುವುದಕ್ಕಿಂತ ಬೀಳದಂತೆ ಗುಂಡಿ ಇಡುವುದು ದೊಡ್ಡದು.

ನೀವೇ ಮಾಡಬೇಕು

ಪಿಯುಸಿ ಓದಿದ ಪ್ರೆಸ್ಸಿನವನ ಮಾತು ಇವರಿಗೆ ಯಾಕೆ ಎನ್ನಬೇಡಿ. ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಈ ಗುಂಡಿಗಳನ್ನು ಬರೆಯುವ ಕೈಗಳಲ್ಲಿ ನಿಮ್ಮ ಕೈಯೂ ಇದೆ. ಅನುವಾದದ ಪಟ್ಟಿ ನಿಮ್ಮ ಮುಂದೆಯೂ ಬರುತ್ತದೆ. ಬಂದಾಗ ಮೂರು ಕೆಲಸ ಮಾಡಿ.

ಮೊದಲು, ಗುಂಡಿ ಎಲ್ಲಿ ಕೂರುತ್ತದೆ, ಒತ್ತಿದರೆ ಏನಾಗುತ್ತದೆ ಎಂದು ಕೇಳಿ ತಿಳಿದು ಆಮೇಲೆ ಪದ ಬರೆಯಿರಿ. ಬರೀ ಪಟ್ಟಿ ನೋಡಿ ಬರೆಯಬೇಡಿ. ಎರಡನೆಯದು, ಪದ ಪೆಟ್ಟಿಗೆಗೆ ಹಿಡಿಸದಿದ್ದರೆ ಪೆಟ್ಟಿಗೆ ದೊಡ್ಡದು ಮಾಡಿಸಿ. ಪದದ ಕಾಲು ಕಡಿಯಲು ಒಪ್ಪಬೇಡಿ. ಮೂರನೆಯದು, ಪ್ರೂಫ್ ತೋರಿಸಿ! ನಾವು ಹತ್ತು ರೂಪಾಯಿಯ ಪತ್ರಿಕೆಗೂ ಪ್ರೂಫ್ ತೋರಿಸದೆ ಅಚ್ಚು ಹಾಕುವುದಿಲ್ಲ. ನಿಮ್ಮ ಅಮ್ಮನಿಗೆ, ಬೀದಿಯ ತರಕಾರಿಯಮ್ಮನಿಗೆ, ಆಟೋ ಅಣ್ಣನಿಗೆ ಪರದೆ ತೋರಿಸಿ ಒಂದೇ ಪ್ರಶ್ನೆ ಕೇಳಿ: “ಇದನ್ನು ಒತ್ತಿದರೆ ಮಾತು ಯಾರಿಗೆ ಹೋಗುತ್ತೆ?” ಅವರು ತಡವರಿಸಿದರೆ ತಪ್ಪು ಅವರದ್ದಲ್ಲ, ನಿಮ್ಮದು. ಬದಲಾಯಿಸಿ.

ಈ ಕೆಲಸ ಮಾಡದ ಉಳಿದವರು ಇವತ್ತೇ ಫೋನಿನ ಭಾಷೆಯನ್ನು ಕನ್ನಡಕ್ಕೆ ಹಾಕಿ. ಎಡವಿದ ಕಡೆ ದೂರು ಬರೆಯಿರಿ. ದೂರು ಬಾರದಿದ್ದರೆ ಎಲ್ಲ ಸರಿಯಿದೆ ಎಂದೇ ಕಂಪನಿಗಳು ತಿಳಿಯುತ್ತವೆ.

ನನ್ನ ಡೈರಿ ಆರ್ಡರು ಹೋಯಿತು, ಹೋಗಲಿ. ಆದರೆ ಮನೆಯ ಗುಟ್ಟು, ಆಸ್ಪತ್ರೆಯ ರಿಪೋರ್ಟು, ಮಗಳ ಕಷ್ಟ, ಸಾಲದ ಮಾತು ಎಲ್ಲವೂ ಇಂದು ಒಂದು ಗುಂಡಿಯ ಅಂಚಿನಲ್ಲಿ ನಿಂತಿದೆ. ಅದು ಒಬ್ಬರಿಗೆ ಹೋಗುತ್ತದೋ ಊರಿಗೆಲ್ಲ ಹೋಗುತ್ತದೋ ಎಂಬುದನ್ನು ಒತ್ತುವ ಮೊದಲೇ ಗುಂಡಿ ಹೇಳಬೇಕು. ನಮಗೆ ತಿಳಿಯುವ ಮಾತಿನಲ್ಲಿ ಹೇಳಬೇಕು.

ರಸ್ತೆ ಗುಂಡಿ ಮುಚ್ಚಿಸುವುದು ನಮ್ಮ ಕೈಯಲ್ಲಿ ಇದೆಯೋ ಇಲ್ಲವೋ. ಈ ಗುಂಡಿಯಂತೂ ನಿಮ್ಮ ಕೈಯಲ್ಲೇ ಇದೆ!