ಬೂಟು ಬಿಚ್ಚಿಟ್ಟ ಮೇಲೆ

ಬಸವನಗುಡಿ, ಮಲ್ಲೇಶ್ವರದ ಹುಡುಗರಿಗೆ ಬಹುಕಾಲ ಆಟವೆಂದರೆ ಕ್ರಿಕೆಟ್ಟೇ. ಫುಟ್‌ಬಾಲ್ ದಂಡಿನವರದು, ಆಸ್ಟಿನ್ ಟೌನ್, ಗೌತಮಪುರದ ಕಡೆಯದು. 1949ರಲ್ಲಿ ಪೇಟೆಯೂ ದಂಡೂ ಒಂದೇ ಕಾರ್ಪೊರೇಷನ್ನಿಗೆ ಸೇರಿದವು, ಆಟದ ಗಡಿ ಮಾತ್ರ ಉಳಿಯಿತು. ಈಗ ಹಳೆಯ ಬಡಾವಣೆಗಳಿಗೂ ಬಲೆ ಕಟ್ಟಿದ ಟರ್ಫ್‌ಗಳು ಬಂದಿವೆ. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಐದೈದು ಜನ ಆಡುತ್ತಾರೆ, ಮಕ್ಕಳನ್ನು ಕೋಚಿಂಗ್‌ಗೆ ಬಿಟ್ಟ ಹೆತ್ತವರು ಹೊರಗೆ ಕಾಯುತ್ತಾರೆ. ಅವರ ಪ್ರಶ್ನೆ ಹಳೆಯದೇ: ಇದನ್ನು ನಂಬಿ ಬದುಕಬಹುದೇ?

ಒಂದು ಕಾಲಕ್ಕೆ ಬೆಂಗಳೂರಿನ ಬಳಿ ಇದಕ್ಕೆ ಉತ್ತರವಿತ್ತು. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ತಂಡ ಕಟ್ಟಿ, ಆಟಗಾರರಿಗೆ ನೌಕರಿಯನ್ನೂ ಕೊಡುತ್ತಿದ್ದವು. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ಗೆದ್ದದ್ದು ಇದೇ ಐಟಿಐ, ಅದೂ ಫೈನಲ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ. ಕಾಲು ಸೋತರೂ ತಿಂಗಳ ಸಂಬಳ ನಿಲ್ಲುತ್ತಿರಲಿಲ್ಲ.

ಆಮೇಲೆ ಬಂದದ್ದು ವೃತ್ತಿಪರ ಆಟದ ಕಾಲ. ಅದರ ಏರಿಳಿತವನ್ನೆಲ್ಲ ಕಂಡವರು ಬೆಂಗಳೂರಿನ ಮಿಡ್‌ಫೀಲ್ಡರ್ ಕಾರ್ಲ್‌ಟನ್ ಚಾಪ್‌ಮನ್. 1971ರಲ್ಲಿ ಹುಟ್ಟಿದ ಅವರು ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿದರು. 1993ರಲ್ಲಿ ಈಸ್ಟ್ ಬೆಂಗಾಲ್ ಪರ ಇರಾಕಿನ ಅಲ್ ಝವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದರು, ಆ ಪಂದ್ಯ 6-2ಕ್ಕೆ ಮುಗಿಯಿತು. ಪಂಜಾಬಿನ ಜೆಸಿಟಿ ಜೊತೆ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು, ಎಫ್‌ಸಿ ಕೊಚ್ಚಿನ್‌ಗೆ ಆಡಿದರು, 2001ರಲ್ಲಿ ಈಸ್ಟ್ ಬೆಂಗಾಲ್ ನಾಯಕರಾಗಿ ಮತ್ತೆ ಲೀಗ್ ಎತ್ತಿದರು. ಭಾರತ ತಂಡಕ್ಕೂ ನಾಯಕರಾಗಿದ್ದರು.

ಅವರು ಆಡಿದ ಕ್ಲಬ್ಬುಗಳ ಗತಿ ನೋಡಿ. ಕೊಚ್ಚಿನ್ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಜೆಸಿಟಿ 2011ರಲ್ಲಿ ತಂಡವನ್ನು ವಿಸರ್ಜಿಸಿತು. ಒಳಾಂಗಣ ಆಟದ ಕಥೆಯೂ ಬೇರೆಯಲ್ಲ: 2016ರಲ್ಲಿ ಇಂಗ್ಲೆಂಡಿನ ಮಾಜಿ ಆಟಗಾರ ಪಾಲ್ ಸ್ಕೋಲ್ಸ್ ಹೆಸರು ಹೊತ್ತು ಬೆಂಗಳೂರು ತಂಡ ಕಣಕ್ಕಿಳಿದ ಪ್ರೀಮಿಯರ್ ಫುಟ್ಸಾಲ್ ಎರಡೇ ಋತುಗಳಲ್ಲಿ ನಿಂತಿತು. ಆಟಗಾರನ ಒಪ್ಪಂದಕ್ಕಿಂತ ಮೊದಲೇ ಮಾಲೀಕರ ಹುಮ್ಮಸ್ಸು ತೀರುವುದೂ ಉಂಟು.

ಜೆಸಿಟಿಯಲ್ಲಿ ಚಾಪ್‌ಮನ್ ಜೊತೆಗಿದ್ದ ಐ.ಎಂ. ವಿಜಯನ್ ಅವರಿಗೆ ಆಟ ಮುಗಿದ ಮೇಲೆ ಕೇರಳ ಪೊಲೀಸಿನ ಕೆಲಸವಿತ್ತು. ಚಾಪ್‌ಮನ್ ಹಿಡಿದದ್ದು ಕೋಚಿಂಗ್ ದಾರಿ: ಜಮ್ಶೆಡ್‌ಪುರ, ಶಿಲ್ಲಾಂಗ್, ಕೋಲ್ಕತ್ತ, ಕೋಳಿಕ್ಕೋಡ್. 2020ರ ಅಕ್ಟೋಬರ್‌ನಲ್ಲಿ, 49ರ ವಯಸ್ಸಿನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಕಲಿತದ್ದರಲ್ಲಿ ಬಹುಪಾಲು ಹೊರಊರುಗಳಿಗೇ ಸಂದಿತ್ತು.

ಹಾಗೆಂದು ಕಾರ್ಖಾನೆಯ ಕಾಲವೇ ವಾಸಿ ಎನ್ನಲಾಗದು. ನೌಕರಿಯ ಭದ್ರತೆ ಎಷ್ಟಿದ್ದರೂ, ಏಷ್ಯಾದ ದೊಡ್ಡ ಕ್ಲಬ್ಬುಗಳ ಎದುರು ನಿಲ್ಲಲು ಇಡೀ ದಿನ ಆಟಕ್ಕೇ ಮೀಸಲಿಡುವ ತಂಡ ಬೇಕು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೂರೇ ವರ್ಷಗಳಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಅಷ್ಟು ದೂರ ಹೋಗಿರಲಿಲ್ಲ.

ಆದ್ದರಿಂದ ಕೇಳಬೇಕಾದದ್ದು ನೌಕರಿಯೋ ಒಪ್ಪಂದವೋ ಎಂದಲ್ಲ, ಆಡುವ ಹತ್ತು-ಹನ್ನೆರಡು ವರ್ಷಗಳ ಆಚೆಗಿನ ಹೊಣೆ ಯಾರದು ಎಂದು. ಮಿಡ್‌ಫೀಲ್ಡರ್ ವಿಷಯದಲ್ಲಿ ಇದು ಬರೀ ಕರುಣೆಯ ಮಾತಲ್ಲ. ಚೆಂಡು ಕಾಲಿಗೆ ತಾಕುವ ಮೊದಲೇ ಎರಡೂ ಹೆಗಲ ಮೇಲಿಂದ ಹಿಂದೆ ಕಣ್ಣಾಡಿಸಿ, ಯಾರು ಎಲ್ಲಿದ್ದಾರೆಂದು ಲೆಕ್ಕ ಹಾಕುವುದೇ ಅವನ ಕಸುಬು. 40 ಮೀಟರ್ ಉದ್ದ, 20 ಮೀಟರ್ ಅಗಲದ ಫುಟ್ಸಾಲ್ ಅಂಕಣದಲ್ಲಿ ಆ ಲೆಕ್ಕಕ್ಕೆ ಕಣ್ಣು ಮಿಟುಕಿಸುವಷ್ಟೂ ಹೊತ್ತಿರುವುದಿಲ್ಲ. ಓಟ ಕುಗ್ಗಿದರೂ ಆ ನೋಟ ಕುಗ್ಗದು, ಅದನ್ನು ಕಲಿಸಲೂ ಬಹುದು.

ಹಾಗಿದ್ದರೆ ಆಡುತ್ತಿರುವಾಗಲೇ ಕೋಚಿಂಗ್ ಲೈಸೆನ್ಸ್ ಮುಗಿಸಲು ಕ್ಲಬ್ಬು ಖರ್ಚು ಕೊಡಬೇಕು, ಸಂಬಳದ ಒಂದು ಪಾಲು ನಿವೃತ್ತಿಗೆಂದು ಕಡ್ಡಾಯವಾಗಿ ಎತ್ತಿಡಬೇಕು. ಚಾಮರಾಜಪೇಟೆ, ಬಸವನಗುಡಿಯ ಶಾಲೆಗಳು, ಟರ್ಫ್‌ಗಳು ಲೈಸೆನ್ಸ್ ಇರುವ ಹಳೆಯ ಆಟಗಾರರನ್ನು ಸಂಬಳಕ್ಕೆ ಇಟ್ಟುಕೊಳ್ಳಬೇಕು. ಹೆತ್ತವರು ಕೋಚಿಂಗ್‌ಗೆ ಹಣವನ್ನಂತೂ ಈಗಾಗಲೇ ಕೊಡುತ್ತಿದ್ದಾರೆ. ಕಲಿಸುವವರು ಯಾರು, ಎಲ್ಲಿ ಆಡಿದವರು ಎಂದು ಕೇಳುವುದನ್ನೂ ಅವರೇ ಶುರು ಮಾಡಬಹುದು.