ಮನಸ್ಸಿನ ಮಾತ್ರೆಗೂ ಒಂದು ಅಳತೆ ಇದೆ

ಬೆಳೆಗೆ ಔಷಧಿ ಹೊಡೆಯುವಾಗ ನಾವು ಮಾಡೋ ತಪ್ಪು ನಿಮಗೆಲ್ಲ ಗೊತ್ತೇ ಇದೆ. ಡಬ್ಬಿ ಮೇಲೆ ಅಳತೆ ಬರೆದಿದ್ದರೂ, ಹುಳ ಬೇಗ ಸಾಯಲಿ ಅಂತ ಒಂದು ಮುಚ್ಚಳ ಜಾಸ್ತಿ ಹಾಕ್ತೀವಿ. ನಾಲ್ಕು ದಿನ ಹುಳ ಕಾಣದಿದ್ರೆ ಅಲ್ಲಿಗೇ ಬಿಡ್ತೀವಿ. ಉಳಿದದ್ದನ್ನು ಪಕ್ಕದ ಹೊಲದವನಿಗೆ ಕೊಡ್ತೀವಿ. ಈ ಮೂರೂ ತಪ್ಪನ್ನು ನಾನು ಖಿನ್ನತೆಯ ಮಾತ್ರೆಯಲ್ಲಿ ಮಾಡಿದೆ. ಮುಚ್ಚಿಟ್ಟರೆ ಯಾರಿಗೂ ಲಾಭವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಚಳ್ಳಕೆರೆ ಸೀಮೆಯ ಖುಷ್ಕಿ ಜಮೀನು. ಎರಡು ವರ್ಷ ಸಾಲಾಗಿ ಶೇಂಗಾ ಕೈಕೊಟ್ಟಿತು. ಸಾಲ ಬೆಳೆಯಿತು. ಮೂರು ತಿಂಗಳು ನಿದ್ದೆಯಿಲ್ಲ, ಊಟ ಸೇರಲ್ಲ, ಎತ್ತಿಗೆ ಮೇವು ಹಾಕೋಕೂ ಬೇಸರ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದ್ದೂ ಆಯ್ತು. ಕೊನೆಗೆ ಮಗಳು ಆಸ್ಪತ್ರೆಗೆ ಕರ್ಕೊಂಡು ಹೋದಳು. ಡಾಕ್ಟರು ಎಸಿಟಲೋಪ್ರಾಮ್ ಎಂಬ ಮಾತ್ರೆ ಬರೆದರು. ಮೊದಲ ವಾರ ದಿನಕ್ಕೆ 5 ಮಿಲಿಗ್ರಾಂ, ಆಮೇಲೆ 10.

ಮೊದಲ ವಾರ ಹೊಟ್ಟೆ ತೊಳಸಿತು, ತಲೆನೋವು ಬಂತು. ಮನಸ್ಸು ಮಾತ್ರ ಇದ್ದಲ್ಲೇ ಇತ್ತು. ಈ ಮಾತ್ರೆಗಳ ತೊಂದರೆ ಮೊದಲು ಕಾಣುತ್ತೆ, ಗುಣ ಆಮೇಲೆ. ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ, ಕೆಲವರಿಗೆ ಆರು ವಾರವೂ ಬೇಕು. ಅದು ನನಗೆ ಗೊತ್ತಿರಲಿಲ್ಲ. ಹತ್ತನೇ ದಿನ ಎರಡು ಮಾತ್ರೆ ಒಟ್ಟಿಗೆ ನುಂಗಿದೆ. ಕೈ ನಡುಗಿತು, ಬೆವರು ಕಿತ್ತುಕೊಂಡಿತು, ರಾತ್ರಿಯೆಲ್ಲ ಜಾಗರಣೆ. ಬಿತ್ತಿದ ಮಾರನೇ ದಿನ ಮೊಳಕೆ ಬಂತಾ ಅಂತ ಸಾಲು ಕೆದಕಿದ ಹಾಗಾಯ್ತು ನನ್ನ ಬುದ್ಧಿ.

ಮತ್ತೆ ಹೇಳಿದ ಅಳತೆಗೇ ಬಂದೆ. ಮೂರು ತಿಂಗಳಿಗೆ ಮೊದಲಿನಂತಾದೆ. ಇನ್ಯಾಕೆ ಅಂತ ಒಂದೇ ದಿನ ನಿಲ್ಲಿಸಿಬಿಟ್ಟೆ. ಎರಡು ಮೂರು ದಿನಕ್ಕೆ ತಲೆ ಸುತ್ತು, ತಲೆಯೊಳಗೆ ಕರೆಂಟು ಹೊಡೆದಂಗೆ, ಸುಮ್ಮಸುಮ್ಮನೆ ಸಿಟ್ಟು. ಚಟ ಹತ್ತಿತು ಅಂತ ಹೆದರಿದೆ. ಇದು ಸಾರಾಯಿ ಚಟದಂಥದ್ದಲ್ಲ, ಮೈ ಒಗ್ಗಿಕೊಂಡಿದೆ, ತಟ್ಟನೆ ಬಿಟ್ಟರೆ ಹೀಗಾಗುತ್ತೆ ಅಂದರು ಡಾಕ್ಟರು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ತಗೋಬೇಕು. ಆಮೇಲೆ ಅವರು ಹೇಳಿದ ಹಾಗೆ ಸ್ವಲ್ಪಸ್ವಲ್ಪವೇ ಇಳಿಸಬೇಕು.

ಮೂರನೇ ತಪ್ಪು ದೊಡ್ಡದು. ನಮ್ಮ ಭಾವನವರಿಗೆ ಅರವತ್ತೈದು ದಾಟಿದೆ. ನಿದ್ದೆ ಬರಲ್ಲ ಅಂದಾಗ ಮನೆಯಲ್ಲಿದ್ದ ನನ್ನ ಒಂದು ಪಟ್ಟಿ ಮಾತ್ರೆ ಕೊಟ್ಟೆ. ಅವರು ಮೊದಲೇ ಮೂತ್ರ ಹೆಚ್ಚು ಮಾಡುವ ಬಿಪಿ ಮಾತ್ರೆ ತಗೊಳ್ತಿದ್ರು. ಹತ್ತು ದಿನಕ್ಕೆ ಮಾತು ತೊದಲಿ, ಯಾರು ಏನು ಅಂತ ಗುರುತು ತಪ್ಪಿತು. ರಕ್ತದಲ್ಲಿ ಸೋಡಿಯಂ, ಅಂದ್ರೆ ಉಪ್ಪಿನಂಶ, ಇಳಿದಿತ್ತು. ವಯಸ್ಸಾದವರಿಗೆ ಎರಡೂ ಮಾತ್ರೆ ಸೇರಿದರೆ ಹೀಗಾಗಬಹುದಂತೆ. ಬದುಕಿಕೊಂಡರು. ಅವರ ಮನೆ ಬಾಗಿಲಿಗೆ ಹೋಗೋಕೆ ನನಗೆ ಬಹಳ ದಿನ ಮುಖವಿರಲಿಲ್ಲ.

ತಪ್ಪು ನನ್ನದೇ. ಆದರೆ ಒಂದು ಮಾತು ಕೇಳಲೇಬೇಕು. ಚೀಟಿ ಬರೆದು ಕೊಟ್ಟಾಗ ಇದನ್ನೆಲ್ಲ ಯಾಕೆ ಯಾರೂ ಹೇಳಲಿಲ್ಲ? ಅಡ್ಡಪರಿಣಾಮ ಹೇಳಿದ್ರೆ ರೋಗಿ ಮಾತ್ರೆ ಬಿಟ್ಟು ಓಡ್ತಾನೆ ಅನ್ನೋರಿದ್ದಾರೆ. ಹೇಳದಿದ್ದಕ್ಕೇ ನಾನು ಅಡ್ಡದಾರಿ ಹಿಡಿದದ್ದು. ಮಾತ್ರೆ ಕೊಡುವವರು ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡಲಿ. ಅವರು ಹೇಳದಿದ್ದರೆ ನಾವೇ ಕೇಳೋಣ.

ನಾವೂ ಬಾಯಿ ಬಿಡಬೇಕು. ಬೇರೆ ಯಾವ ಮಾತ್ರೆ ತಗೊಳ್ತೀವಿ, ಕುಡೀತೀವಾ ಅಂತ ಡಾಕ್ಟರಿಗೆ ಮುಚ್ಚಿಡಬಾರದು. ಮೈಕೈ ನೋವಿಗೆ ಅಂಗಡಿಯಲ್ಲಿ ಕೇಳಿ ತರೋ ಡೈಕ್ಲೋಫೆನಾಕ್, ಐಬುಪ್ರೊಫೆನ್ ಇದರ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವದ ಭಯ ಹೆಚ್ಚು. ಗಂಡಹೆಂಡಿರ ವಿಷಯದಲ್ಲಿ ಆಸಕ್ತಿ ಕುಂದುವುದೂ ಇದೆ. ನಾಚಿಕೆಗೆ ಅದನ್ನು ಹೇಳದೆ ಮಾತ್ರೆ ಬಿಟ್ಟವರುಂಟು. ಹೇಳಿದರೆ ಅಳತೆಯನ್ನೋ ಮಾತ್ರೆಯನ್ನೋ ಬದಲಾಯಿಸ್ತಾರೆ. ಅಮಿಟ್ರಿಪ್ಟಿಲಿನ್ ಎಂಬ ಹಳೇ ಮಾತ್ರೆಯ ಕಥೆ ಬೇರೆ. ಬಾಯಿ ಒಣಗುತ್ತೆ, ಮಲಬದ್ಧತೆ ಬರುತ್ತೆ, ಎದ್ದು ನಿಂತರೆ ತಲೆ ಸುತ್ತುತ್ತೆ. ಅಳತೆ ಮೀರಿದರೆ ಹೃದಯಕ್ಕೇ ಅಪಾಯ.

ಅದಕ್ಕೇ ಮಾತ್ರೆಯ ಡಬ್ಬಿ ಮನೆಯಲ್ಲಿ ಒಬ್ಬರ ಕೈಯಲ್ಲಿರಲಿ. ಹೊಲದ ಔಷಧಿಗೂ ಬೀಗ ಬೀಳಲಿ. ಶುರುವಿನ ವಾರಗಳಲ್ಲಿ ಚಡಪಡಿಕೆ ಹೆಚ್ಚಾದರೆ, ಬದುಕೇ ಬೇಡ ಅನ್ನೋ ಮಾತು ಬಂದರೆ, ಅದರಲ್ಲೂ ಹರೆಯದವರಿಗೆ, ಒಂಟಿಯಾಗಿ ಬಿಡದೆ ಅವತ್ತೇ ಡಾಕ್ಟರಲ್ಲಿಗೆ ಕರೆದೊಯ್ಯಿರಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. 2022ರಿಂದ ನಡೀತಿದೆ.

ಮಾತ್ರೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದರಿಂದಲೇ ಮತ್ತೆ ಕೂರಿಗೆ ಹಿಡಿದವನು ನಾನು. ಈಗ ನನ್ನ ಮಾತ್ರೆ ಮಗಳ ಕೈಯಲ್ಲಿದೆ. ದಿನಕ್ಕೆ ಒಂದು ಕೊಡ್ತಾಳೆ. ಎರಡು ಕೇಳಿದ್ರೆ ಬೈತಾಳೆ.